ಎಡ ಹೆಗಲ ನೋವನ್ನು ಹಗುರವಾಗಿ ಕಾಣಬೇಡಿ

ಕಂಬಂ ಕಣಿವೆಯ ದ್ರಾಕ್ಷಿ ಚಪ್ಪರದಡಿ ದಿನವಿಡೀ ಕೈ ಮೇಲೆತ್ತಿ ದುಡಿಯುವ ಹೆಂಗಸರಿಗೆ ಹೆಗಲು ನೋವು ಹೊಸದಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಂಡರೆ ಬೆಳಿಗ್ಗೆಗೆ ಇಳಿಯುತ್ತದೆ. ಆದರೆ ದಿನ ತುಂಬುತ್ತಿರುವ ಬಸುರಿಗೆ ಎಡ ಪಕ್ಕೆಯ ಕೆಳಗೆ ಇದ್ದಕ್ಕಿದ್ದಂತೆ ನೋವು ಬಂದು, ಎಡ ಹೆಗಲಿಗೂ ಏರಿ, ಆಕೆ ತಲೆ ಸುತ್ತಿ ಬಿದ್ದರೆ? ಅದನ್ನು ಕೆಲಸದ ನೋವು, ಗ್ಯಾಸು ಎಂದು ತಳ್ಳಿಹಾಕುವುದು ತಪ್ಪು.

ಗುಲ್ಮಕ್ಕೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಕೆಲವರಲ್ಲಿ ಒಂದು ಕಡೆ ತೆಳುವಾಗಿ ಊದಿಕೊಳ್ಳುತ್ತದೆ. ಹಳೆಯ ನೀರಿನ ಪೈಪು ಒತ್ತಡಕ್ಕೆ ಉಬ್ಬುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೈದ್ಯರು ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಅಪರೂಪದ ಕಾಯಿಲೆ ನಿಜ. ಆದರೆ ಹೊಟ್ಟೆಯ ಅಂಗಗಳ ನಾಳಗಳಲ್ಲಿ ಕಾಣುವ ಇಂಥ ಉಬ್ಬುಗಳಲ್ಲಿ ಶೇಕಡಾ 60ರಷ್ಟು ಗುಲ್ಮದ ನಾಳದಲ್ಲೇ ಇರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಹಲವು ಸಲ ಹೆತ್ತವರಲ್ಲಿ ಹೆಚ್ಚು. ಬಹುಪಾಲು ಯಾವ ಸುಳಿವೂ ಕೊಡುವುದಿಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಒಡೆದರೆ ತಾಯಿ ಮಗು ಇಬ್ಬರೂ ಉಳಿಯುವುದು ಬಲು ಕಷ್ಟ.

ಇದರಲ್ಲಿ ಒಂದು ಮೋಸವಿದೆ. ಮೊದಲು ಸೋರಿದ ರಕ್ತ ಕೆಲವೊಮ್ಮೆ ಜಠರದ ಹಿಂದಿನ ಸಣ್ಣ ಜಾಗದಲ್ಲಿ ಕಟ್ಟಿ ನಿಲ್ಲುತ್ತದೆ. ನಾಡಿ ಸುಧಾರಿಸುತ್ತದೆ, ಮನೆಯವರು ‘ಸದ್ಯ, ಬದುಕಿದೆವು’ ಎನ್ನುತ್ತಾರೆ. ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಕಟ್ಟೆಯೊಡೆದು ಹೊಟ್ಟೆ ತುಂಬ ರಕ್ತವಾಗುತ್ತದೆ. ನೋವು ತಗ್ಗಿತೆಂದು ಮನೆಗೆ ಕರೆತರಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ನಡುವಿನ ಆ ಬಿಡುವು ಕಂಬಂನವರಿಗೆ ತೇನಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ದಿಂಡಿಗಲ್‌ನವರಿಗೆ ಮಧುರೆಗೆ ತಲುಪಲು ಸಿಕ್ಕ ಹೊತ್ತು. 108ಕ್ಕೆ ಫೋನ್ ಮಾಡಿ. ‘ಹೊಟ್ಟೆನೋವು’ ಎಂದಷ್ಟೇ ಹೇಳದೆ, ‘ಬಸುರಿ, ಎಡಗಡೆ ನೋವು, ಪ್ರಜ್ಞೆ ತಪ್ಪಿತ್ತು’ ಎಂದು ಹೇಳಿ. ರಕ್ತ ಕೊಡುವವರೂ ಜೊತೆಗೆ ಹೊರಡಲಿ.

ಹಾಗೆಂದು ಪ್ರತಿ ಬಸುರಿಗೂ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಇಂಥ ಉಬ್ಬು ಕಂಡರೆ ಮಾತ್ರ ಆ ಕಾಗದವನ್ನು ಟ್ರಂಕಿನಲ್ಲಿಟ್ಟು ಮರೆಯಬಾರದು. ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ 2020ರಲ್ಲಿ ಕೊಟ್ಟ ಸಲಹೆಯಂತೆ, ತೊಂದರೆ ಕೊಡದ ಉಬ್ಬಿಗೆ 3 ಸೆಂಟಿಮೀಟರ್ ದಾಟಿದರೆ ಚಿಕಿತ್ಸೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗಾದರೆ ಅಳತೆ ಎಷ್ಟೇ ಇದ್ದರೂ ಚಿಕಿತ್ಸೆ ಬೇಕು. ಒಡೆಯುವ ಮುನ್ನ ಸಿಕ್ಕಿದರೆ ಅನೇಕರಿಗೆ ಹೊಟ್ಟೆ ಕೊಯ್ಯಬೇಕಾಗಿಯೇ ಇಲ್ಲ. ತೊಡೆಯ ನಾಳದಿಂದ ಸಪೂರ ಕೊಳವೆ ತೂರಿಸಿ, ಲೋಹದ ಸಣ್ಣ ಸುರುಳಿಗಳನ್ನು ತುಂಬಿ ಉಬ್ಬನ್ನು ಮುಚ್ಚುತ್ತಾರೆ. ಒಡೆದು ರಕ್ತ ಹರಿಯುತ್ತಿದ್ದರೆ ಹೆಚ್ಚಾಗಿ ಆಪರೇಷನ್ನೇ ಗತಿ. ಗುಲ್ಮ ತೆಗೆದಿದ್ದರೆ ಸೋಂಕು ತಡೆಯುವ ಲಸಿಕೆಗಳನ್ನು ಕೇಳಿ ಹಾಕಿಸಿಕೊಳ್ಳಿ.

ಗಂಡಸರಿಗೂ ಒಂದು ಮಾತು. ಕುಡಿತದಿಂದ ಮೇದೋಜೀರಕ ಗ್ರಂಥಿ ಊದಿಕೊಂಡರೆ ಅದರ ರಸ ಪಕ್ಕದ ನಾಳದ ಗೋಡೆಯನ್ನೇ ತಿನ್ನಬಹುದು. ಅಂಥವರು ರಕ್ತ ಕಾರಿದರೆ ಅಥವಾ ಮಲ ಕಪ್ಪಾದರೆ ಅಲ್ಸರ್ ಮಾತ್ರೆ ನುಂಗುತ್ತ ಕೂರದೆ ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕು.