ಮಡಚುವ ಸೈಕಲ್ಲೂ ಈ ವರ್ಷದ ನಮ್ಮ ಪ್ರವಾಸವೂ

ನಮ್ಮ ಸಂಘದ ವಾರ್ಷಿಕ ಅಧ್ಯಯನ ಪ್ರವಾಸ ಹೇಗಿರುತ್ತದೆಂಬುದು ಸದಸ್ಯ ಬಾಂಧವರಿಗೆ ಗೊತ್ತಿದ್ದದ್ದೇ. ಬಾಡಿಗೆ ಬಸ್ಸು, ಬೆಳಗಿನ ಜಾವದ ಹೊರಡಾಟ, ಎರಡು ದೇವಸ್ಥಾನ, ಒಂದು ಅಣೆಕಟ್ಟು, ಯಾವುದಾದರೂ ಸಂಶೋಧನಾ ಕೇಂದ್ರದಲ್ಲಿ ಅರ್ಧ ಗಂಟೆಯ ಭಾಷಣ, ಮರಳುವಾಗ ಎಲ್ಲರಿಗೂ ನಿದ್ದೆ. ಈ ಸಲ ಆಡಳಿತ ಮಂಡಳಿಯ ಮುಂದೆ ನಾವು ಬೇರೊಂದು ಸಲಹೆ ಇಟ್ಟೆವು. ನರಗುಂದ, ರೋಣ, ಗಜೇಂದ್ರಗಡದ ಬಯಲಿನಲ್ಲಿ ಎರಡು ದಿನ ಮಡಚುವ ಸೈಕಲ್ಲುಗಳ ಮೇಲೆ ಸುತ್ತಿ ಬರೋಣ ಎಂದೆವು. ಸಭೆ ನಕ್ಕಿತು. ಚಹಾ ಬಂದ ಮೇಲೂ ನಗು ನಿಲ್ಲಲಿಲ್ಲ. ಆದಕಾರಣ ನಮ್ಮ ವಾದವನ್ನು ಪತ್ರಿಕೆಯ ಮೂಲಕ ಎಲ್ಲ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಮಡಚುವ ಸೈಕಲ್ಲು ನಮ್ಮಲ್ಲಿ ಯಾರೂ ಕಾಣದ ವಸ್ತುವಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಬರುತ್ತಾರೆ. ಭಾನುವಾರ ನಾಲ್ಕಾರು ಗೆಳೆಯರು ಸೇರಿ ಬಾಳೆಹೊನ್ನೂರು, ಕೊಪ್ಪದ ಕಡೆಯ ಏರುಗಳಲ್ಲಿ ತುಳಿಯುತ್ತಾರೆ. ಗಾಲಿ ಚಿಕ್ಕದಿರುವುದರಿಂದ ನಮ್ಮ ಹಿರಿಯರು ಅದಕ್ಕೆ ಸರ್ಕಸ್ಸಿನ ಸೈಕಲ್ಲೆಂದು ಹೆಸರಿಟ್ಟಿದ್ದಾರೆ. ಆದರೆ ಇದು ಆಟಿಕೆಯಾಗಿ ಹುಟ್ಟಿದ್ದಲ್ಲ. 1890ರ ದಶಕದಲ್ಲೇ ಫ್ರಾನ್ಸಿನ ಸೈನ್ಯದಲ್ಲಿ ಮಡಚುವ ಸೈಕಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಶೂಟ್ ಸೈನಿಕರಿಗಾಗಿ ಬಿಎಸ್‌ಎ ಕಂಪನಿ ಇಂಥದನ್ನು ಮಾಡಿತು. ಈಗ ಪ್ರಸಿದ್ಧವಾದ ಬ್ರಾಂಪ್ಟನ್ ಸೈಕಲ್ಲನ್ನು ಆಂಡ್ರ್ಯೂ ರಿಚಿ ಎಂಬ ಎಂಜಿನಿಯರು ಲಂಡನ್ನಿನ ತಮ್ಮ ಮನೆಯಲ್ಲಿ 1975ರ ಸುಮಾರಿಗೆ ರೂಪಿಸತೊಡಗಿದರು. ಅಂಥದಕ್ಕೆ ನಮ್ಮಲ್ಲಿ ಲಕ್ಷ ದಾಟಿದ ಬೆಲೆ. ಅದು ನಮಗೆ ಬೇಡ. ಹದಿನೈದು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಇಪ್ಪತ್ತು ಇಂಚು ಗಾಲಿಯದ್ದು ನಮ್ಮ ಕೆಲಸಕ್ಕೆ ಸಾಕು.

ಮಾನ್ಯ ಸದಸ್ಯರೊಬ್ಬರು ಎತ್ತಿದ ಆಕ್ಷೇಪ ಮಾತ್ರ ನಗುವಿನದಲ್ಲ, ವಿಚಾರದ್ದು. ‘ಚಿಕ್ಕ ಗಾಲಿ ಏರಿನಲ್ಲಿ ಹತ್ತುವುದಿಲ್ಲ, ಹತ್ತು ಸಲ ತುಳಿದರೂ ಒಂದು ಮಾರು ಹೋಗುವುದಿಲ್ಲ’ ಎಂದರು. ಸೈಕಲ್ಲು ಎಷ್ಟು ದೂರ ಹೋಗುತ್ತದೆಂಬುದನ್ನು ನಿರ್ಧರಿಸುವುದು ಗಾಲಿಯೊಂದೇ ಅಲ್ಲ. ಗಾಲಿಯೂ ಹಲ್ಲುಚಕ್ರಗಳೂ ಕೂಡಿ. ನಮ್ಮ ಹಳೆಯ ಇಪ್ಪತ್ತೆಂಟು ಇಂಚಿನ ಸೈಕಲ್ಲಿಗೆ ಮುಂದೆ 48, ಹಿಂದೆ 18 ಹಲ್ಲುಗಳಿದ್ದರೆ ಒಂದು ಸುತ್ತು ತುಳಿದಾಗ ಅದು ಸುಮಾರು 6 ಮೀಟರು ಓಡುತ್ತದೆ. ಇಪ್ಪತ್ತು ಇಂಚಿನದಕ್ಕೆ ಮುಂದೆ 52, ಹಿಂದೆ 14 ಇದ್ದರೆ ಅದೂ 5.7 ಮೀಟರು ಓಡುತ್ತದೆ. ಅಂದರೆ ಸಮನೆಲದಲ್ಲಿ ಹೆಚ್ಚು ಕಡಿಮೆ ಸಮಸಮ. ಏರು ಬಂದಾಗ ಗೇರು ಬದಲಿಸಿ ಹಿಂದಿನ ಚಕ್ರವನ್ನು 28 ಹಲ್ಲಿಗೆ ತಂದರೆ ಒಂದು ಸುತ್ತಿಗೆ 3 ಮೀಟರಿಗಿಂತ ಕಡಿಮೆ. ದೂರ ಅರ್ಧವಾಯಿತು, ಕಾಲಿನ ಭಾರವೂ ಅರ್ಧವಾಯಿತು. ಬಾವಿಯ ನೀರನ್ನು ದೊಡ್ಡ ಕೊಡದಲ್ಲಿ ಒಮ್ಮೆಗೆ ಸೇದುವುದೋ ಚಿಕ್ಕ ಕೊಡದಲ್ಲಿ ಎರಡು ಸಲ ಸೇದುವುದೋ ಎಂಬಷ್ಟೇ ವ್ಯತ್ಯಾಸ. ಐವತ್ತು ದಾಟಿದ ಮಂಡಿಗಳಿಗೆ ಚಿಕ್ಕ ಕೊಡವೇ ಹಿತ.

ಚಿಕ್ಕ ಗಾಲಿಯ ನಿಜವಾದ ದೋಷಗಳು ಬೇರೆ ಇವೆ. ದೊಡ್ಡ ಗಾಲಿ ದಾಟಿಹೋಗುವ ಗುಂಡಿಯಲ್ಲಿ ಇದು ಇಳಿದು ಕುಕ್ಕುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಇದ್ದರೆ ರಿಮ್ಮು ಚಿಕ್ಕದಾದ್ದರಿಂದ ಬೇಗ ಕಾಯುತ್ತದೆ. ಆದ್ದರಿಂದ ಬಿಟ್ಟು ಬಿಟ್ಟು ಹಿಡಿಯಬೇಕು, ನಡುವೆ ನಿಂತು ಆರಿಸಬೇಕು. ಮಡಚುವ ಕೀಲುಗಳ ಚಿಲಕ ಸರಿಯಾಗಿ ಕೂತಿದೆಯೇ ಎಂದು ಪ್ರತಿ ಸಲ ಹತ್ತುವ ಮುನ್ನ ಕೈಯಿಟ್ಟು ನೋಡಬೇಕು. ಚರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಲಾರಿಗಳ ನಡುವೆ ಇದನ್ನು ಓಡಿಸುವ ಹುಮ್ಮಸ್ಸಿನವರಿಗೆ ನಾವು ಬೆಂಬಲ ಕೊಡಲಾರೆವು.

ಹಾಗಾದರೆ ಇದರಿಂದ ಏನು ಲಾಭ? ಸೋತವನು ಸೋತೆನೆಂದು ಹೇಳಿಕೊಳ್ಳಬೇಕಾಗಿಲ್ಲ ಎಂಬುದೇ ಲಾಭ. ಮಾಮೂಲು ಸೈಕಲ್ಲಿನಲ್ಲಿ ಹೊರಟ ಗುಂಪಿನಲ್ಲಿ ಒಬ್ಬರಿಗೆ ಆಯಾಸವಾದರೆ ಉಳಿದವರೆಲ್ಲ ನಿಲ್ಲಬೇಕು, ಇಲ್ಲವೇ ಜೀಪು ಹಿಂದೆ ಬರುತ್ತಿರಬೇಕು. ಇಲ್ಲಿ ಹಾಗಿಲ್ಲ. ದಣಿದವರು ಮುಂದಿನ ಊರಿನ ನಿಲ್ದಾಣದಲ್ಲಿ ಸೈಕಲ್ಲು ಮಡಚಿ, ಗೋಣಿಚೀಲದಲ್ಲಿಟ್ಟು ಬಸ್ಸು ಹತ್ತುತ್ತಾರೆ. ಉಳಿದವರಿಗಿಂತ ಮುಂಚೆ ತಲುಪಿ ಚಹಾ ಕುಡಿಯುತ್ತಾ ಕೂರುತ್ತಾರೆ. ಇಪ್ಪತ್ತೈದರ ಹುಡುಗನೂ ಅರವತ್ತರ ಹಿರಿಯರೂ ಒಂದೇ ಪ್ರವಾಸಕ್ಕೆ ಹೊರಡಬಹುದಾದ ವಾಹನ ಇದೊಂದೇ. ಮನೆಯ ಹೆಂಗಸರೂ ಬರಬಹುದು, ಬರಬೇಕು. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋದವರು ಅವರಲ್ಲಿ ಎಷ್ಟು ಮಂದಿ ಇಲ್ಲ! 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ತುಳಿಯಲು ಕಲಿತ ಹುಡುಗಿಯರು ಈಗ ನಮ್ಮ ಸೊಸೆಯಂದಿರಾಗಿದ್ದಾರೆ.

ಇನ್ನು, ಅಷ್ಟು ದೂರದ ಬಯಲುಸೀಮೆಯೇ ಏಕೆ ಎಂಬ ಪ್ರಶ್ನೆ.

ಮೊದಲನೆಯದಾಗಿ ಕಾಲ. ನಮಗೆ ಬಿಡುವೆಂದರೆ ಅಡಿಕೆಗೆ ಎರಡನೆಯ ಬೋರ್ಡೋ ಸಿಂಪರಣೆ ಮುಗಿದು ಕೊಯ್ಲು ಶುರುವಾಗುವುದರೊಳಗಿನ ಕೆಲವು ವಾರಗಳು. ಆಗ ನಮ್ಮಲ್ಲಿ ಮಳೆ ಬಿಟ್ಟಿರುವುದಿಲ್ಲ. ಸೈಕಲ್ಲು ಹಾಗಿರಲಿ, ಕೊಡೆ ಹಿಡಿದು ನಡೆಯುವುದೇ ಕಷ್ಟ. ರೋಣದ ಕಡೆ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರಿನ ಸುಮಾರು. ನಮ್ಮಲ್ಲಿ ಆಷಾಢದ ಒಂದು ತಿಂಗಳಲ್ಲಿ ಅದನ್ನು ಮೀರಿದ್ದುಂಟು. ಸೆಪ್ಟೆಂಬರಿನಲ್ಲಿ ಅಲ್ಲಿ ಹೆಸರು ಒಕ್ಕುತ್ತಿರುತ್ತಾರೆ, ಹಿಂಗಾರಿ ಜೋಳ ಕಡಲೆಗೆ ಹೊಲ ಹದಮಾಡುತ್ತಿರುತ್ತಾರೆ, ಬಿಸಿಲೂ ಬೇಸಿಗೆಯಷ್ಟಿರುವುದಿಲ್ಲ.

ಎರಡನೆಯದು ಗಾಳಿ. ನಕಾಶೆ ತೆಗೆದು ನೋಡಿದರೆ ನರಗುಂದ ಪಶ್ಚಿಮಕ್ಕೆ, ರೋಣ ನಡುವೆ, ಗಜೇಂದ್ರಗಡ ಪೂರ್ವಕ್ಕೆ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿವೆ. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ನರಗುಂದದಲ್ಲಿ ಸೈಕಲ್ಲು ಬಿಚ್ಚಿ ಪೂರ್ವಕ್ಕೆ ಹೊರಟವನಿಗೆ ಬೆನ್ನ ಹಿಂದೆ ಒಬ್ಬರು ತಳ್ಳಿದ ಹಾಗೆ. ಅದೇ ದಾರಿಯಲ್ಲಿ ತಿರುಗಿ ಬರುತ್ತೇನೆನ್ನುವವನಿಗೆ ದೇವರೇ ಗತಿ. ಮಾಮೂಲು ಸೈಕಲ್ಲಿನವನು ಹೊರಟಲ್ಲಿಗೇ ಮರಳಬೇಕು. ನಾವಾದರೆ ಗಜೇಂದ್ರಗಡದಲ್ಲಿ ಮಡಚಿ, ಬಸ್ಸಿನಲ್ಲಿ ಗದಗಕ್ಕೆ ಬಂದು, ರೈಲು ಹಿಡಿಯಬಹುದು.

ಹೋಗುವಾಗ ಬೀರೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವುದು. ಅಲ್ಲಿಂದ ನರಗುಂದಕ್ಕೆ ಹೆದ್ದಾರಿ ಇದೆ, ಆದರೆ ವಿಜಯಪುರ, ಸೊಲ್ಲಾಪುರದ ಲಾರಿಗಳೆಲ್ಲ ಅದರ ಮೇಲೆಯೇ; ಅಷ್ಟು ದೂರ ಬಸ್ಸಿನಲ್ಲೇ ಹೋಗುವುದು ಜಾಣತನ. ಇಪ್ಪತ್ತು ಸೈಕಲ್ಲನ್ನೂ ಒಂದೇ ಬಸ್ಸಿಗೆ ತುಂಬಿದರೆ ಕಂಡಕ್ಟರು ಇಳಿಸುತ್ತಾರೆ, ಇಳಿಸಬೇಕಾದ್ದೇ. ಐದೈದು ಮಂದಿಯಂತೆ ಬೇರೆ ಬೇರೆ ಬಸ್ಸಿಗೆ ಹಂಚಿಕೊಳ್ಳುವುದು. ನರಗುಂದದ ಗುಡ್ಡ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿದೆ. ಸೈಕಲ್ಲು ಕೆಳಗಿಟ್ಟು ನಡೆದೇ ಹತ್ತಬೇಕು. 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ಕೋಟೆ ಅದು. ಊರೊಳಗೆ ಇನ್ನೊಂದು ನೆನಪಿನ ಕಲ್ಲಿದೆ. ಬೆಳೆಗಾರರಾದ ನಾವು ಕೋಟೆಗಿಂತ ಮೊದಲು ನೋಡಬೇಕಾದದ್ದು ಅದನ್ನೇ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕಟ್ಟಬೇಕೆಂದಾಗ ರೈತರು ಸಿಡಿದೆದ್ದದ್ದು, ಗೋಲಿಬಾರಾದದ್ದು 1980ರ ಜುಲೈ 21ರಂದು. ರಾಜ್ಯದ ರೈತ ಸಂಘಟನೆಯ ಚರಿತ್ರೆ ಆ ದಿನದಿಂದ ತಿರುವು ಪಡೆಯಿತು. ಮಹಾದಾಯಿಯ ಕಳಸಾ-ಬಂಡೂರಿ ನೀರಿಗಾಗಿ 2015ರಲ್ಲಿ ಮತ್ತೆ ದೀರ್ಘ ಧರಣಿ ಕುಳಿತದ್ದೂ ಅದೇ ಊರು. ನೀರು ಹೆಚ್ಚಾಗಿ ಕೊಳೆರೋಗವೆಂದು ಗೊಣಗುವ ನಾವು ಅಲ್ಲಿ ಒಂದು ಗಳಿಗೆ ನಿಂತು ಬರುವುದು ಒಳ್ಳೆಯದು.

ನರಗುಂದದಿಂದ ರೋಣಕ್ಕೆ ನಲವತ್ತು ಕಿಲೋಮೀಟರಿನ ಸುಮಾರು, ರೋಣದಿಂದ ಗಜೇಂದ್ರಗಡಕ್ಕೆ ಮೂವತ್ತರ ಸುಮಾರು. ಎರೆಭೂಮಿಯ ಬಗ್ಗೆ ಒಂದು ಎಚ್ಚರಿಕೆ. ಮಳೆ ಬಿದ್ದಾಗ ಡಾಂಬರು ಬಿಟ್ಟು ಕೆಳಗಿಳಿಯಕೂಡದು. ಆ ಮಣ್ಣು ಮಡ್‌ಗಾರ್ಡಿನೊಳಗೆ ಅಂಟಿ ಗಾಲಿಯನ್ನೇ ಹಿಡಿದುಬಿಡುತ್ತದೆ; ನಮ್ಮ ಕೆಮ್ಮಣ್ಣಿನ ಹಾಗೆ ಕೊಡವಿದರೆ ಹೋಗುವುದಲ್ಲ. ಮೇಲುಸೀಮೆಯಲ್ಲಿ ಜೋರು ಮಳೆಯಾದರೆ ಬೆಣ್ಣೆಹಳ್ಳ ಉಕ್ಕುತ್ತದೆ. ಆಗ ಊರವರ ಮಾತು ಕೇಳಿ ನಿಲ್ಲಬೇಕು. ರೋಣ ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು. ಮುಂದೆ ಸೂಡಿಯಲ್ಲಿ ಕಲ್ಯಾಣಿ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ, ನಾಗಕುಂಡವೆಂಬ ಮೆಟ್ಟಿಲುಬಾವಿ. ಅಕ್ಕಾದೇವಿ ಎಂಬ ರಾಜಕುಮಾರಿ ಆಡಳಿತ ನಡೆಸಿದ ಸೀಮೆ ಅದು. ಗಜೇಂದ್ರಗಡದ ಹತ್ತಿರ ಬಂಡೆಯ ಮಡಿಲಲ್ಲಿ ಕಾಲಕಾಲೇಶ್ವರ. ಅಲ್ಲಿಯೂ ಮೆಟ್ಟಿಲು, ಅಲ್ಲಿಯೂ ಕಾಲ್ನಡಿಗೆ. ನಮ್ಮ ಗುಡ್ಡ ಹತ್ತಿದ ಕಾಲುಗಳಿಗೆ ಅಲ್ಲಿನ ಏರುಗಳು ಕಷ್ಟವೆನಿಸಲಾರವು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯ ಹುಡುಗರು ಸೈಕಲ್ ಓಟದಲ್ಲಿ ರಾಜ್ಯಕ್ಕೆ ಪದಕ ತರುವವರು ಎಂಬುದನ್ನು ಮಾತ್ರ ಮರೆಯದಿರೋಣ. ದಾರಿಯಲ್ಲಿ ಯಾರಾದರೂ ಹುಡುಗ ನಮ್ಮನ್ನು ಹಿಂದೆ ಹಾಕಿ ಹೋದರೆ ಪೈಪೋಟಿಗೆ ಬೀಳಬೇಡಿ.

ಇವೆಲ್ಲ ಇದ್ದರೂ ನಮ್ಮ ಮನಸ್ಸಿನಲ್ಲಿರುವ ನಿಜವಾದ ಕಾರಣ ಇನ್ನೊಂದು. ಡಿಸೆಂಬರು ಬಂದರೆ ಕಾಫಿ ಹಣ್ಣು ಕೊಯ್ಯಲು ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ನಮ್ಮ ಲೈನುಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ರೋಣ, ಗಜೇಂದ್ರಗಡ ಎಂಬ ಹೆಸರುಗಳು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವುದು ಹಾಜರಿ ಪುಸ್ತಕದಿಂದ. ಅವರ ಊರು ಎಂಥದು, ಮನೆಯ ಮುಂದೆ ಮರವಿದೆಯೇ, ಕುಡಿಯುವ ನೀರು ಎಲ್ಲಿಂದ, ಅಜ್ಜ ಅಜ್ಜಿಯರ ಹತ್ತಿರ ಬಿಟ್ಟುಬಂದ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ಗೊತ್ತಿಲ್ಲ. ಮೇಸ್ತ್ರಿ ಹೇಳಿದ್ದಷ್ಟೇ ನಮ್ಮ ತಿಳುವಳಿಕೆ. ಕಳೆದ ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆದ ದಿನ ಹಿರಿಯ ಹೆಣ್ಣುಮಗಳೊಬ್ಬಳು, ‘ವರ್ಷಾ ನಾವs ಬರತೇವಲ್ರೀ ಸಾಹುಕಾರ್ರ, ಒಮ್ಮೆ ನೀವೂ ನಮ್ಮೂರಿಗೆ ಬರ್ರಿ, ರೊಟ್ಟಿ ಉಣ್ಣಾಕ’ ಎಂದಳು. ಸೌಜನ್ಯಕ್ಕೆ ಆಡಿದ ಮಾತಿರಬಹುದು. ಕರೆ ಕರೆಯೇ.

ಇಲ್ಲಿಯೇ ಮಂಡಳಿಯೊಡನೆ ನಮ್ಮ ಭಿನ್ನಾಭಿಪ್ರಾಯ. ನಗು ಮುಗಿದ ಮೇಲೆ ಕೆಲವರು, ‘ಹೋಗುವುದೇ ಆದರೆ ಮುಂದಿನ ಕೊಯ್ಲಿಗೆ ಆಳು ಗೊತ್ತುಮಾಡಿ, ಮುಂಗಡ ಕೊಟ್ಟು ಬರೋಣ, ಪ್ರವಾಸದ ಖರ್ಚಿಗೂ ಅರ್ಥ ಬರುತ್ತದೆ’ ಎಂದರು. ಆಳಿನ ಅಭಾವ ನಮಗೂ ಗೊತ್ತು. ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನು ನಾವೂ ಕಂಡಿದ್ದೇವೆ. ಆದರೂ ಈ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಮುಂಗಡದ ಹಣ ಜೇಬಿನಲ್ಲಿಟ್ಟುಕೊಂಡು ಹೋದವನು ಅತಿಥಿಯಲ್ಲ. ಅವನ ಮುಂದೆ ಮನೆಯವರು ಕೈಕಟ್ಟಿ ನಿಲ್ಲುತ್ತಾರೆ, ಅವನಿಗೆ ಹಿತವಾಗುವ ಮಾತನ್ನೇ ಆಡುತ್ತಾರೆ. ಆಳು ಹುಡುಕುವವರು ಬೇರೆ ದಿನ ಜೀಪಿನಲ್ಲಿ ಹೋಗಿ ಬರಲಿ, ಅದು ವ್ಯವಹಾರ, ಅದಕ್ಕೆ ಅದರದೇ ಮರ್ಯಾದೆಯಿದೆ. ಚಿಕ್ಕ ಗಾಲಿಯ ಸೈಕಲ್ಲಿನ ಮೇಲೆ ಬೆವರಿಳಿಸುತ್ತಾ ಬಂದ ಸಾಹುಕಾರನನ್ನು ಕಂಡು ಊರ ಮಕ್ಕಳು ನಗಬೇಕು, ಹಿಂದೆ ಓಡಿ ಬರಬೇಕು, ಅದನ್ನು ಹೇಗೆ ಮಡಚುತ್ತಾರೆಂದು ನೋಡಲು ಸುತ್ತ ನೆರೆಯಬೇಕು. ಅಂಥ ಕಡೆ ಮಾತು ತಾನಾಗಿ ಹುಟ್ಟುತ್ತದೆ. ಪ್ರವಾಸ ಸಂತೋಷಕ್ಕಾಗಿಯೇ ಇರಲಿ. ತಪಾಸಣೆಗೂ ಬೇಡ, ಉಪಕಾರಕ್ಕೂ ಬೇಡ.

ಅಧ್ಯಯನ ಪ್ರವಾಸವೆಂದು ಕಡತದಲ್ಲಿ ಬರೆಯಲೇಬೇಕಾದ್ದರಿಂದ ಕೊನೆಯ ದಿನ ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋಗಿಬರುವುದಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಅದು. ಸಹಕಾರಿಗಳಾದ ನಮಗೆ ತವರಿದ್ದಂತೆ. ಲೆಕ್ಕ ಪರಿಶೋಧಕರೂ ತಕರಾರು ಮಾಡಲಾರರು.

ಖರ್ಚಿನ ಬಾಬ್ತು: ಸಂಘದಿಂದ ಎಂಟು ಸೈಕಲ್ಲು ಕೊಂಡು, ಗೊಬ್ಬರದ ಗೋದಾಮಿನ ಪಕ್ಕದ ಕೋಣೆಯಲ್ಲಿಟ್ಟು, ಸ್ಪ್ರೇಯರುಗಳಂತೆಯೇ ದಿನ ಬಾಡಿಗೆಗೆ ಕೊಡಬೇಕೆಂಬುದು ನಮ್ಮ ಪ್ರಸ್ತಾಪ. ಮನೆಯಲ್ಲಿ ಮಕ್ಕಳದು ಇದ್ದವರು ಅದನ್ನೇ ತರಬಹುದು. ಹೋಗುವವರು ಎರಡು ತಿಂಗಳು ಮೊದಲಿನಿಂದ ಮನೆಯ ಮುಂದಿನ ಏರಿನಲ್ಲಿ ವಾರಕ್ಕೆರಡು ದಿನ ತುಳಿದು ಕಾಲು ಪಳಗಿಸಿಕೊಳ್ಳಬೇಕು; ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಕೊಳ್ಳಬೇಕು. ಹಿಂದಕ್ಕೆ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು, ಎರಡು ಬಾಟಲಿ ನೀರು ಕಡ್ಡಾಯ. ಅತ್ತ ಕಡೆ ಎಲ್ಲೆಲ್ಲೂ ಚಹಾ, ನಮ್ಮ ಕಾಫಿ ಕೊಯ್ದವರ ಮನೆಯಲ್ಲೂ ಚಹಾವೇ. ಆದ್ದರಿಂದ ಪ್ರತಿಯೊಬ್ಬರೂ ಅರ್ಧ ಕಿಲೋ ಪುಡಿಯನ್ನೂ ಒಂದು ಫಿಲ್ಟರನ್ನೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರತಕ್ಕದ್ದು. ಗಣೇಶನ ಚೌತಿ ಮುಗಿದ ವಾರ ಹೊರಡುವ ಆಲೋಚನೆಯಿದೆ. ಹೆಸರು ಕೊಡುವವರು ಸಂಘದ ಕಚೇರಿಯಲ್ಲಿ ಗುಮಾಸ್ತರ ಹತ್ತಿರ ಬರೆಸಬಹುದು. ನಕ್ಕವರಿಗೂ ಸ್ಥಳವಿದೆ.