*#21# ಒತ್ತಿದರೆ ಫೋನ್ ಕದ್ದಾಲಿಕೆ ಗೊತ್ತಾಗುತ್ತದೆಯೇ?

‘*#21# ಡಯಲ್ ಮಾಡಿ, ನಿಮ್ಮ ಮಾತನ್ನು ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ ತಿಳಿಯಿರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ. ನಿಮಗೆ ಬರುವ ಕರೆಗಳು ಬೇರೆ ನಂಬರ್‌ಗೆ ಫಾರ್ವರ್ಡ್ ಆಗುತ್ತಿವೆಯೇ ಎಂಬುದನ್ನಷ್ಟೇ ಈ ಕೋಡ್ ತಿಳಿಸುತ್ತದೆ. ನಿಜವಾದ ಅಪಾಯ ಇದರ ಪಕ್ಕದಲ್ಲೇ ಇದೆ.

ಚಿಹ್ನೆ ಬದಲಾದರೆ ಅರ್ಥವೇ ಬದಲು

ಇಂಥ ಕೋಡ್‌ಗಳು ನೆಟ್‌ವರ್ಕ್‌ಗೆ ನಾವು ಕೊಡುವ ಆದೇಶಗಳು. ಮೊದಲ ಚಿಹ್ನೆ ‘ಏನು ಮಾಡಬೇಕು’, ನಂತರದ ಅಂಕಿ ‘ಯಾವ ಸೇವೆ’, ಆಮೇಲಿನದು ‘ಯಾವ ನಂಬರ್’ ಎಂದು ಹೇಳುತ್ತದೆ.

• *#21# – ಫಾರ್ವರ್ಡ್ ಆಗಿದೆಯೇ ಎಂದು ಕೇಳುತ್ತದೆ
• *21*ನಂಬರ್# – ಎಲ್ಲ ಕರೆಗಳನ್ನೂ ಆ ನಂಬರ್‌ಗೆ ತಿರುಗಿಸುತ್ತದೆ
• #21# – ಅದನ್ನು ನಿಲ್ಲಿಸುತ್ತದೆ

ಕಂಪ್ಯೂಟರ್‌ನ ಕಮಾಂಡ್ ಲೈನ್‌ನಲ್ಲೂ ಹೀಗೆಯೇ. ಲಿನಕ್ಸ್‌ನಲ್ಲಿ ಫೈಲ್ ನಕಲು ಮಾಡುವ ‘ಸಿಪಿ’ ಆದೇಶಕ್ಕೆ ಎರಡು ಹೆಸರುಗಳನ್ನು ಅದಲುಬದಲು ಕೊಟ್ಟರೆ, ಉಳಿಯಬೇಕಾದ ಫೈಲೇ ಅಳಿಸಿಹೋಗಬಹುದು. ಆದರೆ ‘-ಐ’ ಸೇರಿಸಿದರೆ ಅದು ‘ಮುಂದುವರಿಯಲೇ?’ ಎಂದು ಮೊದಲು ಕೇಳುತ್ತದೆ. ಫೋನ್ ಹಾಗೆ ಕೇಳುವುದಿಲ್ಲ.

ದೋಷ ತೋರಿಸುತ್ತದಲ್ಲವೇ?

ಕೋಡ್ ತಪ್ಪಿದ್ದರೆ ಆಂಡ್ರಾಯ್ಡ್ ಫೋನ್ ‘ಸಂಪರ್ಕ ಸಮಸ್ಯೆ ಅಥವಾ ಅಮಾನ್ಯ ಎಂಎಂಐ ಕೋಡ್’ ಎನ್ನುತ್ತದೆ. ಎರಡರಲ್ಲಿ ಯಾವುದು, ಸರಿಪಡಿಸುವುದು ಹೇಗೆ ಎಂದು ಹೇಳುವುದಿಲ್ಲ. ಇನ್ನೂ ಮುಖ್ಯವಾಗಿ, ವಂಚಕರು ಹೇಳಿಕೊಡುವ ಕೋಡ್‌ನಲ್ಲಿ ತಪ್ಪೇ ಇರುವುದಿಲ್ಲ. ಹಾಗಾಗಿ ದೋಷವೂ ಕಾಣದು. ಆದೇಶದ ರೂಪ ಸರಿಯಿದೆಯೇ ಎಂದು ಯಂತ್ರ ನೋಡುತ್ತದೆ, ಹೇಳಿಕೊಟ್ಟವರ ಉದ್ದೇಶವನ್ನಲ್ಲ.

ವಂಚನೆ ಹೇಗೆ ನಡೆಯುತ್ತದೆ?

ಶ್ರೀನಿವಾಸಪುರದ ಮಾವು ಬೆಳೆಗಾರರಿಗೋ ಮಾಲೂರಿನ ಅಂಗಡಿಯವರಿಗೋ ‘ಕೊರಿಯರ್‌ನಿಂದ’, ‘ಸಿಮ್ ಕಂಪನಿಯಿಂದ’ ಎಂದು ಕರೆ ಬರಬಹುದು. *401* ಒತ್ತಿ ಮುಂದೆ ಒಂದು ನಂಬರ್ ಹಾಕಿ ಎನ್ನಬಹುದು. ಹಾಕಿದರೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತವೆ. ಕರೆಯ ಮೂಲಕ ಹೇಳುವ ಒಟಿಪಿ ಕೂಡ. ಎಸ್‌ಎಂಎಸ್ ಮಾತ್ರ ಇದರಿಂದ ಫಾರ್ವರ್ಡ್ ಆಗುವುದಿಲ್ಲ.

ಈ ಬಗ್ಗೆ ದೂರಸಂಪರ್ಕ ಇಲಾಖೆ 2024ರ ಜನವರಿಯಲ್ಲಿ ಎಚ್ಚರಿಸಿತ್ತು. ಕೋಡ್ ಮೂಲಕ ಕರೆ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ಏಪ್ರಿಲ್ 15ರಿಂದ ಸ್ಥಗಿತಗೊಳಿಸುವಂತೆ ಕಂಪನಿಗಳಿಗೆ ಸೂಚಿಸಿತು. ಹಾಗೆಂದು ಮೈಮರೆಯುವಂತಿಲ್ಲ.

ಏನು ಮಾಡಬೇಕು?

• ಅಪರಿಚಿತರು ಹೇಳಿದ ಯಾವ ಕೋಡನ್ನೂ ಒತ್ತಬೇಡಿ.
• ಅನುಮಾನವಿದ್ದರೆ ಫೋನ್‌ನ ಕರೆ ಸೆಟ್ಟಿಂಗ್ಸ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ನೋಡಿ. ##002# ಎಲ್ಲ ಫಾರ್ವರ್ಡಿಂಗ್ ಅನ್ನೂ ರದ್ದು ಮಾಡುವ ಕೋಡ್.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೋಡ್ ಇರುವ ಸಂದೇಶವನ್ನು ಕೋಲಾರದ ಗ್ರೂಪಿನಿಂದ ಮುಳಬಾಗಿಲಿನ ಗ್ರೂಪಿಗೆ ಕಳಿಸುವ ಮುನ್ನ ಮೊದಲ ಚಿಹ್ನೆಗಳನ್ನು ನೋಡಿ: ಅದು ಕೇಳುವ ಕೋಡೋ, ಬದಲಾಯಿಸುವ ಕೋಡೋ? ಗೊತ್ತಾಗದಿದ್ದರೆ ಒತ್ತಲೂ ಬೇಡಿ, ಕಳಿಸಲೂ ಬೇಡಿ.