ಮೊದಲ ಗೇಮಿಂಗ್ ಕಂಪ್ಯೂಟರ್: ಉಳಿತಾಯ ಎಲ್ಲಿ ಸಲ್ಲದು?

ಕಡಿಮೆ ಬಜೆಟ್ಟಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸುವವರು ದುಬಾರಿ ಪ್ರೊಸೆಸರ್‌ಗೆ ಮೊದಲು ಹಣ ತೆಗೆದಿರಿಸಿ, ಗ್ರಾಫಿಕ್ಸ್ ಕಾರ್ಡ್ ಹಾಗೂ ಎಸ್‌ಎಂಪಿಎಸ್ ವಿಷಯದಲ್ಲಿ ಕೈ ಬಿಗಿಹಿಡಿಯಬೇಕೆಂಬ ಇತ್ತೀಚಿನ ಲೇಖನವೊಂದರ ವಾದ ಮೇಲ್ನೋಟಕ್ಕೆ ಜಾಣತನದಂತೆ ಕಂಡರೂ, ಆಟವು ಪರದೆಯ ಮೇಲೆ ಮೂಡುವ ಬಗೆಯನ್ನೇ ಅದು ಕಡೆಗಣಿಸಿದೆ. 1920×1080 ರೆಸಲ್ಯೂಷನ್ನಿನ, ಎಂದರೆ ಸುಮಾರು 20.7 ಲಕ್ಷ ಚುಕ್ಕೆಗಳ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಆಟದ ನಿಯಮ, ಚಲನೆಗಳ ಲೆಕ್ಕಾಚಾರ ಪ್ರೊಸೆಸರ್‌ನ ಪಾಲಿಗೆ ಬಂದರೂ ಬಣ್ಣ, ನೆರಳು, ಬೆಳಕು ತುಂಬುವ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುವುದರಿಂದ, ಆರು ಕೋರ್‌ಗಳ, ಅಂದರೆ ಆರು ಗಣನಾ ಘಟಕಗಳ ರೈಜನ್ 5 5600ನಂಥ ಮಧ್ಯಮ ಪ್ರೊಸೆಸರ್ ಕೊಂಡು ಮಿಕ್ಕ ಹಣವನ್ನು ಕಾರ್ಡಿಗೆ ವಿನಿಯೋಗಿಸುವುದೇ ವಿವೇಕ.

ಎಲ್ಲ ಭಾಗಗಳಿಗೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ‘80 ಪ್ಲಸ್’ ಮುದ್ರೆಯೊಂದಿದ್ದರೆ ಸಾಕೆಂಬ ಮಾತಂತೂ ಅಪಾಯಕಾರಿ: ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಖವಾಗಿ ಪೋಲಾಗದೆ ಬಳಕೆಗೆ ಸಿಗುತ್ತದೆ ಎಂಬುದನ್ನಷ್ಟೇ ಆ ಮುದ್ರೆ ಹೇಳುತ್ತದೆಯೇ ಹೊರತು, ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜುಗಳಿಂದ ಉಳಿದ ಭಾಗಗಳನ್ನು ಕಾಯುವ ಏರ್ಪಾಡಿಗೆ ಅದು ಖಾತರಿಯಲ್ಲ. ಉಳಿತಾಯ ಬೇಕೇಬೇಕೆಂದರೆ ಬಣ್ಣದ ದೀಪಗಳ ಕ್ಯಾಬಿನೆಟ್ ಬಿಡಬಹುದು, ಪ್ರೊಸೆಸರ್ ಜೊತೆಗೇ ಬರುವ ಕೂಲರ್ ಬಳಸಬಹುದು. ಕಾರ್ಡ್ ಮತ್ತು ಎಸ್‌ಎಂಪಿಎಸ್‌ನಲ್ಲಿ ಕಡಿತ ಮಾಡಿದವರು ಅವೇ ಭಾಗಗಳನ್ನು ಮತ್ತೊಮ್ಮೆ ಕೊಳ್ಳಬೇಕಾದೀತು.